ಹನ್ನೆರಡನೆಯ ಹಾಡು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ಮೊದಲು ನಗುತ್ತಿದ್ದವಳು ನಾನೇ. ಒಮ್ಮೆ ಕನ್ನಡ ಕೂಟದ ಊಟದ ಸಾಲಿನಲ್ಲಿ ನಿಂತು ಒಬ್ಬರು, ತೀರಿಹೋದ ಅಜ್ಜಿ ಕನಸಿನಲ್ಲಿ ಬಂದು ಕಳೆದುಹೋಗಿದ್ದ ಬೀಗದ ಕೈ ಎಲ್ಲಿದೆ ಎಂದು ತೋರಿಸಿದ್ದನ್ನು ಬಣ್ಣಿಸುತ್ತಿದ್ದರು. ‘ನಿಮ್ಮಜ್ಜಿಗೆ ಮಿಶಿಗನ್ ವಿಳಾಸ ಕೊಟ್ಟವರು ಯಾರು?’ ಎಂದು ಕೇಳಿ ಅವರ ಬಾಯಿ ಮುಚ್ಚಿಸಿದ್ದೆ. ಅವರು ಆಮೇಲೆ ಒಂದು ವರ್ಷ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಈಗ ಅವರ ಕ್ಷಮೆ ಕೇಳಬೇಕು ಎನ್ನಿಸುತ್ತದೆ, ಆದರೆ ಕೇಳಿದರೆ ಕಾರಣವನ್ನೂ ಹೇಳಬೇಕಾಗುತ್ತದೆ.

ನಾನು ಇಪ್ಪತ್ತೆರಡು ವರ್ಷ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿದವಳು. ಯಾವುದಾದರೂ ಫಲಿತಾಂಶ ವಿಚಿತ್ರವಾಗಿ ಬಂದರೆ ಯಂತ್ರ ಕೆಟ್ಟಿದೆ, ಇಲ್ಲವೇ ಟ್ಯೂಬಿನ ಮೇಲಿನ ಹೆಸರು ಅದಲುಬದಲಾಗಿದೆ ಎಂದುಕೊಂಡು ಮತ್ತೊಮ್ಮೆ ಪರೀಕ್ಷೆ ಮಾಡುತ್ತಿದ್ದೆವು. ಎರಡನೆಯ ಸಲ ಎಲ್ಲ ಸರಿಹೋಗುತ್ತಿತ್ತು. ಬದುಕನ್ನೂ ಹಾಗೆಯೇ ನೋಡಿ ಅಭ್ಯಾಸವಾಗಿತ್ತು. ನಮ್ಮ ಯಜಮಾನರು ಮಾತ್ರ ನನಗೆ ತದ್ವಿರುದ್ಧ. ಹೊಸ ಟೈರು ಹಾಕಿಸಿದರೂ ಅದರ ಕೆಳಗೆ ನಿಂಬೆಹಣ್ಣು ಇಡುವ ಜನ ಅವರು.

ಈಗ ಒಂದು ನಾಚಿಕೆಯ ವಿಷಯ ಹೇಳಬೇಕು. ಮಿಶಿಗನ್ನಿನ ಸ್ಟರ್ಲಿಂಗ್ ಹೈಟ್ಸ್‌ಗೆ ಬಂದು ಇಪ್ಪತ್ತೈದು ವರ್ಷಕ್ಕೂ ಮೇಲಾಗಿದ್ದರೂ ನಾನು ಫ್ರೀವೇ ಎಂಬ ಹೆದ್ದಾರಿಯಲ್ಲಿ ಕಾರು ಓಡಿಸಿದವಳಾಗಿರಲಿಲ್ಲ. ನಮ್ಮ ಕಡೆ ಮೈಲಿಗೊಂದು ಅಡ್ಡರಸ್ತೆ ಇದೆ. ಹದಿನೈದನೇ ಮೈಲಿ, ಹದಿನಾರನೇ ಮೈಲಿ ಎಂದೇ ಅವುಗಳ ಹೆಸರು. ಅವುಗಳನ್ನು ಹಿಡಿದುಕೊಂಡೇ ನಾನು ಕೆಲಸಕ್ಕೆ, ಅಂಗಡಿಗೆ, ದೇವಸ್ಥಾನಕ್ಕೆ, ಮಗಳ ನೃತ್ಯದ ಕ್ಲಾಸಿಗೆ ಹೋಗಿಬಂದು ಒಂದು ಜನ್ಮ ಕಳೆದೆ. ನಮ್ಮ ವಯಸ್ಸಿನ ಹೆಂಗಸರಲ್ಲಿ ನನ್ನಂಥವರು ಬಹಳ ಜನ ಇದ್ದೇವೆ, ಹೇಳಿಕೊಳ್ಳುವುದಿಲ್ಲ ಅಷ್ಟೆ. ದೂರದ ಊರಿಗೆ ಗಂಡ ಓಡಿಸುತ್ತಾನೆ, ನಾವು ಪಕ್ಕದಲ್ಲಿ ಚಿತ್ರಾನ್ನದ ಡಬ್ಬಿ ಹಿಡಿದು ಕೂರುತ್ತೇವೆ. ವರ್ಷಕ್ಕೊಮ್ಮೆ ಷಿಕಾಗೋದ ಡೆವನ್ ಅವೆನ್ಯೂಗೆ ಸೀರೆ ತರಲು ಹೋಗುವಾಗಲೂ ಅಷ್ಟೆ, ಮಗಳು ಷಿಕಾಗೋ ಹತ್ತಿರದ ಲಿಸ್ಲ್‌ನಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ಮದುವೆಯಾಗಿ ಮನೆ ಮಾಡಿದ ಮೇಲೂ ಅಷ್ಟೆ.

ನಮ್ಮ ಬೀದಿಯಲ್ಲಿ ಬಾಗಿಲ ಬಳಿ ಚಪ್ಪಲಿ ಬಿಟ್ಟು ಒಳಗೆ ಹೋಗುವ ಮನೆಗಳು ಎರಡೇ ಇದ್ದವು. ಒಂದು ನಮ್ಮದು, ಇನ್ನೊಂದು ಪಕ್ಕದ ಯೋಶಿಕೋ ಅವರದು. ಅವರ ಗಂಡ ಕಾರಿನ ಬಿಡಿಭಾಗಗಳ ಕಂಪನಿಯೊಂದರ ಎಂಜಿನಿಯರು, ಐದು ವರ್ಷಕ್ಕೆಂದು ಜಪಾನಿನಿಂದ ಬಂದಿದ್ದರು. ಆಕೆ ಮೊದಲ ಸಲ ನಮ್ಮ ಮನೆಗೆ ಬಂದಾಗ, ನಾನು ಹೇಳುವ ಮೊದಲೇ ಚಪ್ಪಲಿ ಕಳಚಿ, ಮೂತಿ ಹೊರಗೆ ತಿರುಗಿಸಿ ಜೋಡಿಸಿಟ್ಟರು. ಅಷ್ಟರಲ್ಲೇ ನನಗೆ ಆಕೆ ಇಷ್ಟವಾದರು. ಬುಧವಾರ ನನಗೆ ರಜೆ. ಪ್ರತಿ ಬುಧವಾರ ಮಧ್ಯಾಹ್ನ ಆಕೆ ಬಂದು ನಮ್ಮ ಅಡುಗೆಮನೆಯ ಮೇಜಿನ ಬಳಿ ಕೂರುತ್ತಿದ್ದರು, ನಾನು ಕೋಡುಬಳೆಯನ್ನೋ ಬೋಂಡವನ್ನೋ ಕರಿಯುತ್ತಿದ್ದೆ. ಅವರ ಇಂಗ್ಲಿಷ್ ಒಂದು ಥರ, ನನ್ನದು ಇನ್ನೊಂದು ಥರ. ಮಾತು ಕಡಿಮೆ ಇತ್ತು, ತಿನ್ನುವುದು ಹೆಚ್ಚು. ಸುಖವಾಗಿದ್ದೆವು.

ಊರಿಗೆ ಹಿಂದಿರುಗುವ ವಾರ ಆಕೆ ನನಗೊಂದು ಸಿ.ಡಿ. ಕೊಟ್ಟರು. ಮನೆಯಲ್ಲೇ ಮಾಡಿದ್ದು, ಮೇಲೆ ಅವರದೇ ಕೈಬರಹ. ಮಕ್ಕಳು ರಚ್ಚೆ ಹಿಡಿದಾಗ, ತನಗೆ ಊರಿನ ನೆನಪು ಜಾಸ್ತಿಯಾದಾಗ ಹಾಕಿಕೊಳ್ಳುತ್ತಿದ್ದ ಹಾಡುಗಳಂತೆ. ‘ಇದನ್ನು ಕೇಳಿದರೆ ಎದೆ ಬೆಚ್ಚಗಾಗುತ್ತದೆ’ ಎಂದರು. ನಾನು ಥ್ಯಾಂಕ್ಸ್ ಹೇಳಿ ಕಾರಿನಲ್ಲಿಟ್ಟೆ. ನಿಜ ಹೇಳುತ್ತೇನೆ, ಮನಸ್ಸು ಶಾಂತವಾಗಲಿ ಎಂದು ಹಾಡು ಕೇಳುವವರ ಬಗ್ಗೆ ನನಗೆ ಸ್ವಲ್ಪ ಸಸಾರವೇ ಇತ್ತು. ಮೇಲಾಗಿ ನನಗೂ ಸಂಗೀತಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಮೈಸೂರಿನಲ್ಲಿ ಶಾಲೆಯ ಸಾಮೂಹಿಕ ಗಾಯನದಿಂದ ಮೇಡಂ ನನ್ನನ್ನು ಕೈಹಿಡಿದು ಆಚೆ ಕಳಿಸಿದ್ದರು. ಅವತ್ತಿನಿಂದ ಬಾಯಿಬಿಟ್ಟು ಒಂದು ಸಾಲು ಹಾಡಿದವಳಲ್ಲ.

ಆದರೂ ಒಂದು ದಿನ ಕೆಂಪು ದೀಪದ ಮುಂದೆ ಬೇಜಾರಾಗಿ ಆ ಸಿ.ಡಿ. ಹಾಕಿದೆ. ಹನ್ನೊಂದು ಹಾಡು. ಒಂದರಲ್ಲಿ ಮುದುಕರೊಬ್ಬರ ದನಿ, ಎರಡರಲ್ಲಿ ಮಕ್ಕಳು, ಉಳಿದದ್ದು ಹೆಂಗಸರು. ಒಂದು ಪದದ ಅರ್ಥವೂ ಗೊತ್ತಿಲ್ಲ. ಯಾರೋ ಪಕ್ಕದ ಕೋಣೆಯಲ್ಲಿ ನಿಧಾನವಾಗಿ ಬಟ್ಟೆ ಮಡಚುತ್ತ ಹಾಡಿಕೊಂಡ ಹಾಗಿದ್ದವು. ಆಮೇಲೆ ಅದನ್ನು ತೆಗೆಯಲೇ ಇಲ್ಲ. ನಮ್ಮ ಹಳೆಯ ಕಾರಿನಲ್ಲಿ ಹನ್ನೊಂದನೆಯದು ಮುಗಿದರೆ ಒಂದು ಸಣ್ಣ ಗರಗರ ಸದ್ದಾಗಿ ಮೊದಲನೆಯದು ಶುರುವಾಗುತ್ತಿತ್ತು. ಅದು ನನಗೆ ನನ್ನ ಮನೆಯ ಮೆಟ್ಟಿಲುಗಳಷ್ಟೇ ಪರಿಚಯ.

ಮಗಳು ಅನಘಾಳ ಮೊದಲ ಬಸಿರು ಮೂರು ತಿಂಗಳಿಗೇ ಇಳಿದುಹೋಯಿತು. ಆಸ್ಪತ್ರೆಯಿಂದ ಬೆಳಿಗ್ಗೆ ಫೋನ್ ಮಾಡಿದಳು. ನಮ್ಮವರು ಕೆಲಸದ ಮೇಲೆ ಬೇರೆ ಊರಿನಲ್ಲಿದ್ದರು. ‘ಅಮ್ಮಾ, ಇಟ್ಸ್ ಓಕೆ, ನೀನು ಡ್ರೈವ್ ಮಾಡ್ಬೇಡ’ ಎಂದಳು. ನಾನು ಗರಾಜಿಗೆ ಹೋಗಿ ಕಾರಿನಲ್ಲಿ ಕೂತೆ. ಕೀಲಿ ತಿರುಗಿಸಿದೆ. ಹಾಡು ಶುರುವಾಯಿತು, ಎಂಜಿನ್ ಶುರು ಮಾಡಲು ಮಾತ್ರ ಕೈ ಬರಲಿಲ್ಲ. ಮುನ್ನೂರು ಮೈಲಿ, ಅಕ್ಕಪಕ್ಕ ಆ ಟ್ರಕ್ಕುಗಳು. ಹನ್ನೊಂದು ಹಾಡೂ ಮುಗಿಯಿತು. ಇಳಿದು ಒಳಗೆ ಬಂದುಬಿಟ್ಟೆ. ಮಾರನೆಯ ದಿನ ನಮ್ಮವರು ಬಂದು ಕರೆದುಕೊಂಡು ಹೋದರು. ಅನಘಾ ಎದ್ದು ನಮಗೇ ಕಾಫಿ ಮಾಡಿಕೊಟ್ಟಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಅಲ್ಲಿಂದ ಬಂದ ಮೇಲೆ ನಮ್ಮವರು ಒಂದು ರಟ್ಟಿನ ಚೂರಿನ ಮೇಲೆ ದುಂಡಗಿನ ಕನ್ನಡ ಅಕ್ಷರದಲ್ಲಿ ನಮ್ಮ ಮನೆಯಿಂದ ಲಿಸ್ಲ್‌ವರೆಗಿನ ದಾರಿ, ಎಕ್ಸಿಟ್ ನಂಬರು ಎಲ್ಲ ಬರೆದು, ಸ್ಟಿಯರಿಂಗ್ ಮೇಲಿನ ಬಿಸಿಲುಮರೆಗೆ ಸಿಕ್ಕಿಸಿದರು. ‘ಏನ್ರೀ ಇದು, ತಾಯತಾನಾ?’ ಎಂದು ರೇಗಿಸಿದೆ. ‘ಇರ್ಲಿ ಬಿಡೇ’ ಎಂದರು.

ಎರಡು ವರ್ಷದ ಮೇಲೆ ಅನಘಾ ಮತ್ತೆ ಬಸಿರಾದಳು. ನಾನು ಒಂದು ತಿಂಗಳು ಮೊದಲೇ ಚೀಲ ಕಟ್ಟಿಟ್ಟೆ. ಬಾಣಂತಿಗೆ ಸಾರಿನ ಪುಡಿ, ಕಾಯಿಸಿದ ತುಪ್ಪ, ಮಗುವಿಗೆ ಹಾಸಲು ಒಗೆದು ಒಗೆದು ಮೆತ್ತಗಾದ ಹಳೆಯ ಪಂಚೆಗಳು. ಈ ಸಲ ನಾನು ಅಲ್ಲಿರುತ್ತೇನೆ ಎಂದು ಅವಳಿಗೆ ಮಾತು ಕೊಟ್ಟಿದ್ದೆ. ವಿಮಾನದ ಟಿಕೆಟ್ಟೂ ಆಗಿತ್ತು. ಅದು ಡಾಕ್ಟರು ಹೇಳಿದ್ದ ಹೆರಿಗೆಯ ದಿನಕ್ಕೆ ಹತ್ತು ದಿನ ಮೊದಲಿನ ಟಿಕೆಟ್ಟು. ಮಗು ಮೂರು ವಾರ ಮೊದಲೇ ಹೊರಟಿತು.

ಫೆಬ್ರವರಿಯ ಒಂದು ಬೆಳಿಗ್ಗೆ ಒಂಬತ್ತೂವರೆಗೆ ಅಳಿಯ ನಿಖಿಲ್ ಫೋನ್ ಮಾಡಿದ. ‘ಅತ್ತೆ, ಗಾಬರಿ ಆಗ್ಬೇಡಿ. ಬೆಳಗಿನ ಜಾವ ವಾಟರ್ ಬ್ರೇಕ್ ಆಯ್ತು, ಹಾಸ್ಪಿಟಲ್‌ಗೆ ಬಂದಿದೀವಿ. ಡಾಕ್ಟರ್ ಎಲ್ಲಾ ಸರಿಯಾಗಿದೆ ಅಂತಿದಾರೆ.’ ಹಿಂದಿನಿಂದ ಅನಘಾಳ ದನಿ ಕೇಳಿಸಿತು. ‘ಅಮ್ಮಾ, ರೋಡ್ಸ್ ಆರ್ ಬ್ಯಾಡ್. ಡೋಂಟ್ ಈವನ್ ಥಿಂಕ್ ಅಬೌಟ್ ಇಟ್. ಇಟ್ಸ್ ಓಕೆ.’

ಅದೇ ಮಾತು. ನಮ್ಮವರು ನಾದಿನಿಯ ಮಗನ ಮದುವೆಗೆಂದು ಬೆಂಗಳೂರಿನಲ್ಲಿದ್ದರು. ಹಿಮದ ದೆಸೆಯಿಂದ ಷಿಕಾಗೋ ವಿಮಾನಗಳು ಒಂದೊಂದಾಗಿ ರದ್ದಾಗುತ್ತಿದ್ದವು. ಯಾರನ್ನಾದರೂ ಕೇಳೋಣವೆಂದರೆ ವಾರದ ದಿನ, ಎಲ್ಲರೂ ಕೆಲಸದಲ್ಲಿ. ಹತ್ತೂವರೆಗೆ ಚೀಲವನ್ನು ಹಿಂದಿನ ಸೀಟಿಗೆ ಹಾಕಿ, ಕೈಚೀಲವನ್ನೂ ಅದರ ಪಕ್ಕ ಎಸೆದು, ರಟ್ಟಿನ ಚೂರನ್ನು ಎರಡು ಸಲ ಓದಿ, ಕಾರು ಹೊರಗೆ ತೆಗೆದೆ. ಧೈರ್ಯ ಬಂತು ಎಂದು ದಯವಿಟ್ಟು ತಿಳಿಯಬೇಡಿ. ಗರಾಜಿನಲ್ಲಿ ಇನ್ನೊಮ್ಮೆ ಕೂರುವ ಶಕ್ತಿ ಇರಲಿಲ್ಲ, ಅಷ್ಟೆ.

ಆ್ಯನ್ ಆರ್ಬರ್ ದಾಟುವವರೆಗೆ ನಾನು ಸರಿಯಾಗಿ ಉಸಿರಾಡಿದ್ದೇನೋ ಇಲ್ಲವೋ ನೆನಪಿಲ್ಲ. ಬಲಗಡೆಯ ಲೇನು ಬಿಡಲಿಲ್ಲ. ಹಿಂದಿನವರು ಹಾರ್ನ್ ಹೊಡೆದರೆ ‘ಹೋಗಪ್ಪ, ನಿನಗೆ ದಾರಿ ಇಲ್ಲವೇ’ ಎಂದು ಕನ್ನಡದಲ್ಲಿ ಬೈದುಕೊಂಡೆ. ಒಂದೂವರೆಗೆ ಕಲಮಜೂ ಊರಿನಲ್ಲಿ ಪೆಟ್ರೋಲಿಗೆ ನಿಂತೆ. ಫೋನ್ ಮಾಡೋಣವೆಂದು ನೋಡಿದರೆ ಫೋನು ಸತ್ತು ಮಲಗಿತ್ತು. ರಾತ್ರಿ ಚಾರ್ಜಿಗೆ ಹಾಕುವುದನ್ನು ಮರೆತಿದ್ದೆ, ಕಾರಿನ ಚಾರ್ಜರನ್ನು ನಮ್ಮವರು ಬೆಂಗಳೂರಿಗೆ ಹೊತ್ತುಕೊಂಡು ಹೋಗಿದ್ದರು. ಅಲ್ಲೇ ಅಂಗಡಿಯಲ್ಲಿ ಒಂದು ಕೊಳ್ಳಬಹುದಿತ್ತು ಎಂಬುದು ನನ್ನ ಮಂದಬುದ್ಧಿಗೆ ಹೊಳೆದದ್ದು ಹತ್ತು ಮೈಲಿ ಮುಂದೆ ಹೋದ ಮೇಲೆ. ಸತ್ತ ಫೋನನ್ನು ಮತ್ತೆ ಕೈಚೀಲಕ್ಕೆ ಹಾಕಿ, ಹಿಂದಿನ ಸೀಟಿನಲ್ಲಿಟ್ಟೆ. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು.

ಅಲ್ಲಿಂದ ಮುಂದೆ ಮಿಶಿಗನ್ ಸರೋವರದ ಕಡೆಯ ಹಿಮ ಶುರುವಾಯಿತು. ಹಗಲು ಎರಡು ಗಂಟೆ, ಆದರೆ ಎದುರಿಗೆ ಏನೂ ಇಲ್ಲ. ಬರೀ ಬಿಳುಪು, ಅದರೊಳಗೆ ಮುಂದಿನ ಟ್ರಕ್ಕಿನ ಎರಡು ಕೆಂಪು ದೀಪ. ಅವೂ ಆಗಾಗ ಕಾಣದಾಗುತ್ತಿದ್ದವು. ರಸ್ತೆಯ ಪಕ್ಕ ಎರಡು ಕಾರು ಜಾರಿ ನಿಂತಿದ್ದನ್ನು ಕಂಡೆ. ಸ್ಟಿಯರಿಂಗಿಗೆ ಮೂಗು ತಾಗುವಷ್ಟು ಮುಂದಕ್ಕೆ ಬಾಗಿ ಓಡಿಸಿದೆ. ಪಾ ಪಾ ಎಂಬ ಊರಿನ ಎಕ್ಸಿಟ್ ಫಲಕ ಮಸುಕಾಗಿ ಕಾಣಿಸಿತು. ಸಾಕು, ಇಳಿದುಬಿಡುತ್ತೇನೆ, ಯಾವುದಾದರೂ ಮೋಟೆಲಿನಲ್ಲಿ ಕೂತು ನಾಳೆ ಹೋಗುತ್ತೇನೆ ಎಂದುಕೊಂಡೆ. ಮತ್ತೆ ನಾಳೆ. ಅಳು ಬಂತು. ಬಲಗಡೆಯ ಇಂಡಿಕೇಟರ್ ಹಾಕಿದೆ.

ಆಗ ಹನ್ನೊಂದನೆಯ ಹಾಡು ಮುಗಿಯಿತು. ಗರಗರ ಸದ್ದಿಗಾಗಿ ಕಿವಿ ತಾನಾಗಿಯೇ ಕಾದಿತ್ತು. ಆ ಸದ್ದು ಬರಲಿಲ್ಲ. ಅದರ ಬದಲು ಒಬ್ಬ ಹೆಂಗಸು ಹಾಡಲು ಶುರುಮಾಡಿದಳು.

ವಾದ್ಯವಿಲ್ಲ, ಏನಿಲ್ಲ, ಬರೀ ಕೊರಳು. ಅಂಥ ಒಳ್ಳೆಯ ಕೊರಳೂ ಅಲ್ಲ. ಯಾರಾದರೂ ಕೇಳಿದ್ದರೆ, ಜಪಾನಿ ಪದಗಳು ಎಂದು ನಾನು ಅವತ್ತು ಪ್ರಮಾಣ ಮಾಡಿ ಹೇಳುತ್ತಿದ್ದೆ. ಗೊತ್ತಿಲ್ಲದ ಭಾಷೆಯಾದರೂ ವರ್ಷಗಟ್ಟಲೆ ಕೇಳಿ ಅದರ ಚಹರೆ ತಿಳಿದಿತ್ತು. ರಾಗ ಚಿಕ್ಕದು, ಮೇಲೆ ಹೋಗಿ ಮೆಲ್ಲಗೆ ಇಳಿಯುವಂಥದು. ಒಂದು ಜಾಗದಲ್ಲಿ ಆಕೆ ತಟ್ಟನೆ ನಿಲ್ಲುತ್ತಿದ್ದಳು. ಮೂರು ನಾಲ್ಕು ಕ್ಷಣ ಏನೂ ಇಲ್ಲ, ಮತ್ತೆ ಬಿಟ್ಟಲ್ಲಿಂದಲೇ ಎತ್ತಿಕೊಳ್ಳುತ್ತಿದ್ದಳು. ಆಕೆ ನಿಂತಾಗ ನಾನು ಉಸಿರು ಹಿಡಿಯುತ್ತಿದ್ದೆ, ಎತ್ತಿಕೊಂಡಾಗ ಬಿಡುತ್ತಿದ್ದೆ. ಮುಗಿಯಿತು ಎನ್ನುವಷ್ಟರಲ್ಲಿ ಮತ್ತೆ ಮೊದಲಿನಿಂದ. ಎಷ್ಟನೆಯ ಸಲವೋ ಕೇಳುವಾಗ ನೋಡುತ್ತೇನೆ, ಇಂಡಿಕೇಟರ್ ಟಿಕ್ ಟಿಕ್ ಎನ್ನುತ್ತಲೇ ಇದೆ, ಎಕ್ಸಿಟ್ ಯಾವಾಗಲೋ ಹಿಂದೆ ಹೋಗಿದೆ, ಅಳು ನಿಂತಿದೆ.

ಆಗ ನನಗೆ ಭಯವಾಗಲಿಲ್ಲ, ಆಶ್ಚರ್ಯವೂ ಆಗಲಿಲ್ಲ. ಯೋಶಿಕೋ ಕೊನೆಯಲ್ಲಿ ಇನ್ನೊಂದು ಹಾಡು ಸೇರಿಸಿದ್ದರೇನೋ, ನಾನು ಗಮನಿಸಿರಲಿಲ್ಲವೇನೋ ಎಂದಷ್ಟೇ ಅಂದುಕೊಂಡೆ. ಮನಸ್ಸು ಎಷ್ಟು ಹಗುರವಾಗಿತ್ತೆಂದರೆ, ಆ ಬಿಳುಪಿನ ನಡುವೆ ನಲವತ್ತು ಮೈಲಿ ವೇಗದಲ್ಲಿ ಹೋಗುತ್ತ ನಾನು ಸುಖವಾಗಿದ್ದೆ. ಈ ಮಾತು ಬರೆಯಲು ಸಂಕೋಚವಾಗುತ್ತದೆ, ಆದರೆ ಇದ್ದದ್ದು ಹಾಗೆಯೇ. ಇಂಡಿಯಾನಾ ಗಡಿಯ ಹತ್ತಿರ ಹಿಮ ತೆಳುವಾಗಿ ಬಿಸಿಲು ಬಂತು. ಗರಗರ ಎಂದಿತು. ಮೊದಲನೆಯ ಹಾಡು ಶುರುವಾಯಿತು.

ಲಿಸ್ಲ್ ಹತ್ತಿರದ ಆಸ್ಪತ್ರೆ ಮುಟ್ಟಿದಾಗ ಷಿಕಾಗೋ ಸಮಯ ಐದಕ್ಕೆ ಕಾಲು ಗಂಟೆ ಇತ್ತು. ಅವರ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಹಿಂದೆ. ಮಗು ಎರಡೂವರೆಗೇ ಹುಟ್ಟಿತ್ತು. ಅನಘಾಳ ಎದೆಯ ಮೇಲೆ ಮಲಗಿತ್ತು, ಹೆಣ್ಣು, ತಲೆ ತುಂಬ ಕೂದಲು. ನಾನು ಕೋಟನ್ನೂ ಬಿಚ್ಚದೆ ಬಾಗಿಲಲ್ಲೇ ನಿಂತು, ‘ಈ ಸಲಾನೂ ಲೇಟಾಗ್ಬಿಟ್ಟೆ ಕಣೇ’ ಎಂದು ಅತ್ತೆ.

ಅನಘಾ ನನ್ನನ್ನು ವಿಚಿತ್ರವಾಗಿ ನೋಡಿದಳು. ‘ಲೇಟಾ? ಅಮ್ಮಾ, ಯೂ ವರ್ ಹಿಯರ್ ದಿ ಹೋಲ್ ಟೈಮ್.’

ನನಗೆ ಅರ್ಥವಾಗಲಿಲ್ಲ. ನಿಖಿಲ್ ಕುರ್ಚಿ ಎಳೆದು ಕೂರಿಸಿ ಹೇಳಿದ. ‘ಫೋನ್ ಮಾಡಿದ್ರಲ್ಲ ಅತ್ತೆ. ನೀವು ಮಾತೇ ಆಡ್ಲಿಲ್ಲ, ಹಾಡ್ತಾನೇ ಇದ್ರಿ. ನಾವು ಸ್ಪೀಕರ್‌ಗೆ ಹಾಕಿ ಇವಳ ದಿಂಬಿನ ಹತ್ರ ಇಟ್ವಿ. ನರ್ಸ್ ಕೂಡ ಕಟ್ ಮಾಡ್ಬೇಡಿ ಅಂದ್ರು.’ ಅನಘಾ ನಗುತ್ತಿದ್ದಳು. ನೋವು ಜೋರಾಗಿದ್ದ ಹೊತ್ತು ಅದಂತೆ. ಹಾಡು ನಡುವೆ ನಿಂತಾಗ ಉಸಿರು ಹಿಡಿಯುತ್ತಿದ್ದೆ, ಮತ್ತೆ ಶುರುವಾದಾಗ ಬಿಡುತ್ತಿದ್ದೆ ಎಂದಳು. ನಾನು ಅದುವರೆಗೆ ಹಾಡಿನ ಸುದ್ದಿಯನ್ನೇ ಎತ್ತಿರಲಿಲ್ಲ. ಆಮೇಲೆ ಅವಳು ಮಗುವಿನ ಬೆನ್ನು ತಟ್ಟುತ್ತ ಆ ರಾಗವನ್ನು ಮೆಲ್ಲಗೆ ಗುನುಗಿದಳು. ಅದೇ ರಾಗ. ಅದೇ ಜಾಗದಲ್ಲಿ ನಿಂತಳು.

ನನಗೆ ಭಯವಾದದ್ದು ಆಗ, ಹಿಮದಲ್ಲಲ್ಲ.

ಲ್ಯಾಬಿನವಳಲ್ಲವೇ, ಮತ್ತೊಮ್ಮೆ ಪರೀಕ್ಷೆ ಮಾಡಿದೆ. ಅನಘಾಳ ಫೋನಿನಲ್ಲಿ ನನ್ನ ಹೆಸರು ಇತ್ತು. ಒಂದು ಗಂಟೆ ಹತ್ತು ನಿಮಿಷಕ್ಕೆ ಶುರುವಾದ ಕರೆ, ಒಂದು ಗಂಟೆಗೂ ಮೇಲೆ ನಡೆದಿತ್ತು. ನಮ್ಮ ಸಮಯದಲ್ಲಿ ಅದು ಎರಡೂ ಹತ್ತು, ಪಾ ಪಾ ಎಕ್ಸಿಟ್ಟಿನ ಹೊತ್ತು. ನನ್ನ ಫೋನನ್ನು ಅಲ್ಲೇ ಚಾರ್ಜಿಗೆ ಹಾಕಿ ನೋಡಿದೆ. ಬೆಳಿಗ್ಗೆ ನಿಖಿಲ್ ಮಾಡಿದ ಕರೆಯೇ ಅದರಲ್ಲಿ ಕೊನೆಯದು. ತಿಂಗಳ ಕೊನೆಗೆ ಫೋನ್ ಕಂಪನಿಯಿಂದ ಕರೆಗಳ ಪಟ್ಟಿ ತರಿಸಿದೆ, ಅದರಲ್ಲೂ ಇಲ್ಲ. ಸಿ.ಡಿ.ಯನ್ನು ಕಂಪ್ಯೂಟರಿಗೆ ಹಾಕಿ ನೋಡಿದೆ. ಹನ್ನೊಂದೇ ಹಾಡು.

ಕೊನೆಗೆ ಉಳಿದದ್ದು ಯೋಶಿಕೋ. ಬೇಸಿಗೆಯಲ್ಲಿ ವೀಡಿಯೋ ಕರೆ ಮಾಡಿ, ಮೊಮ್ಮಗಳನ್ನು ತೋರಿಸಿ, ಯೋಗಕ್ಷೇಮವೆಲ್ಲ ಆದ ಮೇಲೆ, ‘ಈ ಹಾಡು ಯಾವುದು, ನೀವೇ ಹಾಡಿದ್ದಾ?’ ಎಂದು ಕೇಳಿ, ಶಾಲೆಯ ಮೇಡಂ ಅವರನ್ನು ಮನಸ್ಸಿನಲ್ಲೇ ಆಚೆ ಕಳಿಸಿ, ಧೈರ್ಯ ಮಾಡಿ ಗುನುಗಿದೆ. ಆಕೆ ಕಣ್ಣು ಮುಚ್ಚಿ ಕೇಳಿದರು. ಮುಖದಲ್ಲಿ ನಗು ಮೂಡಿತು.

ಆಕೆ ತಮ್ಮ ನಿಧಾನದ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು. ಇದು ನಮ್ಮ ದೇಶದ ಹಾಡಲ್ಲ. ಇದು ನಿಮ್ಮದು. ಬುಧವಾರ ನೀವು ಬಾಣಲೆಯ ಮುಂದೆ ನಿಂತು ಗುನುಗುತ್ತಿದ್ದಿರಿ. ನಡುವೆ ನಿಲ್ಲಿಸಿ ಎಣ್ಣೆ ಕಾದಿದೆಯೇ ಎಂದು ನೋಡುತ್ತಿದ್ದಿರಿ, ಹಿಟ್ಟು ಬಿಟ್ಟು ಮತ್ತೆ ಶುರುಮಾಡುತ್ತಿದ್ದಿರಿ. ನನಗೆ ಆ ದೇಶದಲ್ಲಿ ತುಂಬ ಒಂಟಿತನವಿತ್ತು. ಅದನ್ನು ಕೇಳಲಿಕ್ಕೆಂದೇ ನಾನು ಬರುತ್ತಿದ್ದೆ.

ನಾನು ತಿಂಡಿಗೆ ಬರುತ್ತಾರೆ ಎಂದುಕೊಂಡಿದ್ದೆ. ಆ ಹಾಡನ್ನು ಸಿ.ಡಿ.ಗೆ ಹಾಕಿದ್ದೀರಾ ಎಂದರೆ, ಇಲ್ಲ, ರೆಕಾರ್ಡ್ ಮಾಡಿಯೇ ಇಲ್ಲ ಎಂದರು. ಪದಗಳು ಯಾವ ಭಾಷೆಯವು ಎಂದರೆ, ಪದಗಳೇ ಇರಲಿಲ್ಲ ಎಂದರು. ಆಚೆ ಪೇಪರು ಓದುತ್ತಿದ್ದ ನಮ್ಮವರನ್ನು ಕರೆದು, ‘ನಾನು ಅಡುಗೆ ಮಾಡ್ವಾಗ ಹಾಡ್ತೀನೇನ್ರೀ?’ ಎಂದು ಕೇಳಿದೆ. ‘ನೀನಾ? ಮೂವತ್ತು ವರ್ಷದಲ್ಲಿ ಬೈಯೋದು ಬಿಟ್ರೆ ಇನ್ನೇನೂ ಕೇಳಿಲ್ಲ’ ಎಂದರು. ನನಗೂ ನೆನಪಿಲ್ಲ. ನಮ್ಮಮ್ಮ ಹಾಡುತ್ತಿದ್ದಳೇ ಎಂದು ಮೈಸೂರಿನ ಅಕ್ಕನನ್ನು ಕೇಳಿದೆ, ಅವಳಿಗೂ ಆ ರಾಗ ಗೊತ್ತಿಲ್ಲ.

ಮೊಮ್ಮಗಳಿಗೆ ಈಗ ನಾಲ್ಕು ವರ್ಷ. ನಾನು ತಿಂಗಳಿಗೊಮ್ಮೆ ಒಬ್ಬಳೇ ಕಾರು ಓಡಿಸಿಕೊಂಡು ಲಿಸ್ಲ್‌ಗೆ ಹೋಗುತ್ತೇನೆ, ಈಗ ಎಡಗಡೆಯ ಲೇನಿಗೂ ಹೋಗುತ್ತೇನೆ. ಹೊಸ ಕಾರು ಕೊಳ್ಳೋಣವೆಂದರೆ ಅದರಲ್ಲಿ ಸಿ.ಡಿ. ಹಾಕಲು ಜಾಗವಿಲ್ಲವಂತೆ, ಹಾಗಾಗಿ ಅದೇ ಹಳೆಯದು. ಪಾ ಪಾ ಹತ್ತಿರ ಬಂದಾಗ ಹನ್ನೊಂದನೆಯ ಹಾಡು ಮುಗಿಯುವ ಹಾಗೆ ಎಷ್ಟೋ ಸಲ ಲೆಕ್ಕ ಹಾಕಿ ನೋಡಿದ್ದೇನೆ. ಗರಗರ ಎನ್ನುತ್ತದೆ, ಮೊದಲನೆಯದು ಶುರುವಾಗುತ್ತದೆ. ಅವತ್ತು ಆ ಕಾರಿನಲ್ಲಿ ಹಾಡಿದವರು ಯಾರು, ಆ ಫೋನ್ ಮಾಡಿದವರು ಯಾರು, ನನಗೆ ಇವತ್ತಿಗೂ ತಿಳಿದಿಲ್ಲ. ನಿಮಗೆ ಏನಾದರೂ ಹೊಳೆದರೆ ಹೇಳಿ, ನಗುವುದಿಲ್ಲ.

ಹೋದ ತಿಂಗಳು ಅನಘಾಳ ಅಡುಗೆಮನೆಯಲ್ಲಿ ಕೋಡುಬಳೆ ಕರಿಯುತ್ತಿದ್ದೆ. ಮೊಮ್ಮಗಳು ಮೇಜಿನ ಬಳಿ ಕೂತು ಬಣ್ಣ ಹಚ್ಚುತ್ತಿದ್ದಳು. ಎಣ್ಣೆ ನೋಡಲೆಂದು ಬಗ್ಗಿದೆ. ಅವಳು ಪೆನ್ಸಿಲ್ ಎತ್ತಿ ಹಿಡಿದು, ಉಸಿರು ಕಟ್ಟಿಕೊಂಡು ನನ್ನನ್ನೇ ನೋಡುತ್ತಿದ್ದಳು. ‘ಏನೇ?’ ಎಂದೆ.

‘ಅಜ್ಜಿ,’ ಎಂದಳು, ‘ವೈ ಡಿಡ್ ಯೂ ಸ್ಟಾಪ್?’